ಗೃಹಾರೋಗ್ಯ: ವಂಕಿಯ ದಾರ ಕೈಗೆ ಸಿಕ್ಕದಿದ್ದರೆ

ಮಳವಳ್ಳಿಯ ಕಡೆಯ ಗ್ರಾಮವೊಂದರಿಂದ ಸೋದರಿಯೊಬ್ಬರು ಹೀಗೆ ಬರೆದಿರುವರು: “ಎರಡನೆಯ ಹೆರಿಗೆಯಾದೊಡನೆ ಆಸ್ಪತ್ರೆಯಲ್ಲಿಯೇ ವಂಕಿ ಹಾಕಿಸಿಕೊಂಡೆನು. ಈಗ ಎರಡು ತಿಂಗಳಿಂದ ಅದರ ದಾರವು ಕೈಗೆ ಸಿಕ್ಕುತ್ತಿಲ್ಲ. ಈ ಸಲ ಮುಟ್ಟೂ ಒಂದು ವಾರ ತಡವಾಗಿದೆ. ವಂಕಿಯು ಎದೆಗೆ ಏರಿಬಿಡುವುದೆಂದು ಅತ್ತೆಯವರು ಹೆದರಿಸುತ್ತಾರೆ. ಯಜಮಾನರಿಗೆ ಹೇಳಲು ನಾಚಿಕೆ. ಕಬ್ಬಿನ ಕಟಾವು ಮುಗಿಯುವವರೆಗೆ ಸುಮ್ಮನಿರಬಹುದೆ?”

ಸುಮ್ಮನಿರಕೂಡದು, ಎದೆಗುಂದಬೇಕಾಗಿಯೂ ಇಲ್ಲ. ಇದಕ್ಕೆ ಕಾರಣವನ್ನು ತಿಳಿಸುವೆವು.

ವಂಕಿ ಅಥವಾ ಕಾಪರ್-ಟಿ ಎಂಬುದು ತಾಮ್ರದ ತಂತಿಯನ್ನು ಸುತ್ತಿದ ಚಿಕ್ಕದೊಂದು ಪ್ಲಾಸ್ಟಿಕ್ಕಿನ ಸಾಧನ. ಅದು ಗರ್ಭಕೋಶದೊಳಗಿದ್ದು, ಅದರ ತುದಿಯ ದಾರಗಳು ಗರ್ಭಕೋಶದ ಕೊರಳನ್ನು ದಾಟಿ ಯೋನಿಯೊಳಕ್ಕೆ ಇಳಿದಿರುತ್ತವೆ. ಮುಟ್ಟು ಕಳೆದ ಮೇಲೆ ಕೈಗಳನ್ನು ಶುಚಿಯಾಗಿ ತೊಳೆದು, ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ದಾರವನ್ನು ಮುಟ್ಟಿ ನೋಡಬಹುದು. ಆದರೆ ಅದನ್ನು ಎಂದಿಗೂ ಎಳೆಯಕೂಡದು.

ದಾರವು ಸಿಕ್ಕದಿರುವುದಕ್ಕೆ ಕಾರಣಗಳು ನಾಲ್ಕು. ಮೊದಲನೆಯದಾಗಿ, ದಾರವು ಮೇಲಕ್ಕೆ ಸರಿದು ಸುರುಳಿಯಾಗಿರಬಹುದು. ಹೆರಿಗೆಯಾದ ಕೂಡಲೆ ವಂಕಿ ಹಾಕಿಸಿಕೊಂಡವರಲ್ಲಿ ಇದು ಬಹಳ ಸಾಮಾನ್ಯ. ವಂಕಿಯು ತನ್ನ ಸ್ಥಾನದಲ್ಲಿಯೇ ಇರುತ್ತದೆ. ಎರಡನೆಯದಾಗಿ, ಅದು ತಿಳಿಯದಂತೆ ಹೊರಬಿದ್ದಿರಬಹುದು. ಮೊದಲ ವರ್ಷದಲ್ಲಿ, ಅದರಲ್ಲಿಯೂ ಮೊದಲ ಕೆಲವು ತಿಂಗಳಲ್ಲಿ, ಮುಟ್ಟಿನೊಡನೆ ಹೀಗಾಗುವುದುಂಟು. ಮೂರನೆಯದಾಗಿ, ಗರ್ಭ ನಿಂತು, ಗರ್ಭಕೋಶವು ಬೆಳೆದು ದಾರವನ್ನು ಒಳಕ್ಕೆ ಸೆಳೆದುಕೊಂಡಿರಬಹುದು. ನಾಲ್ಕನೆಯದು ಬಲು ಅಪರೂಪ: ಸುಮಾರು ೧೦೦೦ ಜನರಲ್ಲಿ ಒಬ್ಬರಿಗೆ ವಂಕಿಯು ಗರ್ಭಕೋಶದ ಗೋಡೆಯನ್ನು ತೂರಿ ಕಿಬ್ಬೊಟ್ಟೆಯೊಳಕ್ಕೆ ಹೋಗುತ್ತದೆ. ಆಗಲೂ ಅದು ಎದೆಗೆ ಏರುವುದಿಲ್ಲ. ಹೊಟ್ಟೆಗೂ ಎದೆಗೂ ನಡುವೆ ವಪೆಯೆಂಬ ತೆರೆಯಿದೆ.

ಈ ನಾಲ್ಕರಲ್ಲಿ ಯಾವುದೆಂಬುದನ್ನು ಬೆರಳು ತಿಳಿಸಲಾರದು. ಆದುದರಿಂದ ಪರೀಕ್ಷೆಯಾಗುವವರೆಗೆ ವಂಕಿಯು ಇಲ್ಲವೆಂದೇ ಭಾವಿಸಿ, ಪತಿಯು ನಿರೋಧನ್ನು ಬಳಸತಕ್ಕದ್ದು. ಕಳೆದ ೩ ದಿನಗಳೊಳಗೆ ಸಂಗವಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ತುರ್ತು ಗರ್ಭನಿರೋಧಕ ಗುಳಿಗೆಯು ಬೇಗ ಸೇವಿಸಿದಷ್ಟೂ ಹೆಚ್ಚು ಫಲಕಾರಿ.

ವೈದ್ಯರು ಮಾಡುವುದು ಇಷ್ಟೆ. ಮೊದಲು ಮೂತ್ರಪರೀಕ್ಷೆಯಿಂದ ಗರ್ಭವಿದೆಯೇ ಎಂದು ನೋಡುವರು. ಬಳಿಕ ಗರ್ಭಕೋಶದ ಕೊರಳನ್ನು ಪರೀಕ್ಷಿಸಿ, ಗರ್ಭವಿಲ್ಲದಿದ್ದರೆ, ಸುರುಳಿಯಾದ ದಾರವನ್ನು ಸಣ್ಣ ಕುಂಚದಿಂದಲೋ ಚಿಮಟಿಗೆಯಿಂದಲೋ ಮೆಲ್ಲನೆ ಕೆಳಗಿಳಿಸಲು ಯತ್ನಿಸುವರು. ಸಿಕ್ಕದಿದ್ದರೆ ಸ್ಕ್ಯಾನಿಂಗ್ ಮಾಡಿಸುವರು. ಅದರಲ್ಲಿಯೂ ಕಾಣದಿದ್ದರೆ, ಗರ್ಭವಿಲ್ಲವೆಂದು ನಿಶ್ಚಯಿಸಿಕೊಂಡು, ಹೊಟ್ಟೆಯ ಎಕ್ಸ್‌ರೇ ತೆಗೆಸುವರು. ಪ್ಲಾಸ್ಟಿಕ್ಕಿನಲ್ಲಿ ಬೇರಿಯಂ ಲವಣ ಬೆರೆತಿರುವುದರಿಂದ ವಂಕಿಯು ಅದರಲ್ಲಿ ಕಾಣುತ್ತದೆ. ಎಕ್ಸ್‌ರೇಯಲ್ಲಿಯೂ ಇಲ್ಲವಾದರೆ ಹೊರಬಿದ್ದಿದೆಯೆಂದು ತಿಳಿಯಬಹುದು.

ವಂಕಿಯು ಸ್ವಸ್ಥಾನದಲ್ಲಿದ್ದು ತೊಂದರೆಯಿಲ್ಲದಿದ್ದರೆ, ದಾರ ಕಾಣದೆಂಬ ಮಾತ್ರಕ್ಕೆ ತೆಗೆಸಬೇಕಾಗಿಲ್ಲ. ಕಾಪರ್-ಟಿ ೩೮೦ಎ ಎಂಬುದು ೧೦ ವರ್ಷ, ೩೭೫ ಎಂಬುದು ೫ ವರ್ಷ ಕೆಲಸ ಮಾಡುತ್ತದೆ. ಬಿದ್ದುಹೋಗಿದ್ದರೆ ಬೇರೊಂದು ಉಪಾಯವನ್ನು ಆರಿಸಿಕೊಳ್ಳಬಹುದು. ಕಿಬ್ಬೊಟ್ಟೆಗೆ ಸರಿದಿದ್ದರೆ ಸಣ್ಣ ರಂಧ್ರದ ಶಸ್ತ್ರಕ್ರಿಯೆಯಿಂದ ತೆಗೆಯುವರು.

ನಮ್ಮ ಸೋದರಿಗೆ ಮುಟ್ಟು ತಡವಾಗಿದೆಯಾದ್ದರಿಂದ ಅವರು ನಾಳೆಯೇ ಹೊರಡುವುದು ಲೇಸು. ವಂಕಿಯಿದ್ದೂ ಗರ್ಭ ನಿಂತಿದ್ದರೆ, ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಂತಹ ಗರ್ಭವು ಪ್ರಾಣಾಪಾಯಕರ. ಕಿಬ್ಬೊಟ್ಟೆಯಲ್ಲಿ ತೀವ್ರವಾದ ನೋವು, ತಲೆಸುತ್ತು, ಅತಿಯಾದ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಇವುಗಳಲ್ಲಿ ಯಾವುದೊಂದು ಕಂಡರೂ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಬರುವರು. ಮಳವಳ್ಳಿ, ಮದ್ದೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಹಾಕಿಸಿಕೊಂಡಾಗ ಕೊಟ್ಟ ಚೀಟಿಯನ್ನು ಮರೆಯದೆ ಒಯ್ಯಿರಿ.

ಇದರಲ್ಲಿ ನಾಚುವಂಥದೇನೂ ಇಲ್ಲ. ೧೯೩೦ರಲ್ಲಿಯೇ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಅಂತಹ ನಾಡಿನ ಗೃಹಿಣಿಯು ತನ್ನ ದೇಹದ ವಿಷಯವನ್ನು ಪತಿಗೆ ಹೇಳಲು ಅಳುಕುವುದು ಸಲ್ಲದು. ಗೃಹಸ್ಥರಲ್ಲಿ ನಮ್ಮ ವಿನಂತಿಯೂ ಇದೇ: ಆಕೆ ಬಾಯಿ ತೆರೆಯುವ ಮೊದಲೇ ನೀವು ಕೇಳಿರಿ, ಜೊತೆಯಲ್ಲಿ ಹೋಗಿರಿ. ಕಬ್ಬಿನ ಗದ್ದೆಯನ್ನು ಒಂದು ದಿನ ಇನ್ನೊಬ್ಬರು ನೋಡಿಕೊಂಡಾರು; ಮನೆಯೊಡತಿಯ ಆರೋಗ್ಯವನ್ನು ನೋಡತಕ್ಕವರು ಮನೆಯವರೇ.