ಜಿನೀವಾದ ಖಾಲಿ ಕುರ್ಚಿಗಳು ಮತ್ತು ನಮ್ಮ ಕಬ್ಬಿನ ಬೆಲೆ

2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ರೈತರು ಹಗಲು-ರಾತ್ರಿ ಕೂತಿದ್ದು ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ. ಕೊನೆಗೆ 3,300ಕ್ಕೆ ಮಾತು ಮುಗೀತು. ಎಫ್‌ಆರ್‌ಪಿ ಎಷ್ಟು, ರಿಕವರಿ ಎಷ್ಟು, ಕಟಾವು-ಸಾಗಣೆ ಖರ್ಚು ಯಾರದ್ದು ಅನ್ನೋ ಚರ್ಚೆ ಆಗದ ಚಹಾದಂಗಡಿಯೇ ಆಗ ಇರಲಿಲ್ಲ. ಆದರೆ ನಾನು ಕೇಳಿದ ಮಟ್ಟಿಗೆ ಒಂದು ಸಂಗತಿ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಇದೇ ಎಫ್‌ಆರ್‌ಪಿ ಅಂತಾರಾಷ್ಟ್ರೀಯ ಮಿತಿಯನ್ನು ಮೀರಿದೆ ಅಂತ ಜಿನೀವಾದಲ್ಲಿ 2021ರಲ್ಲೇ ತೀರ್ಪು ಬಂದಿದೆ. ಅದು ಇವತ್ತಿಗೂ ಜಾರಿಯಾಗಿಲ್ಲ. ಯಾಕಂದ್ರೆ ಅದರ ಮೇಲಿನ ಮೇಲ್ಮನವಿ ಕೇಳೋಕೆ ಅಲ್ಲಿ ನ್ಯಾಯಾಧೀಶರೇ ಇಲ್ಲ.

'ಜಿನೀವಾಕ್ಕೂ ನಮ್ಮ ಕಬ್ಬಿಗೂ ಏನ್ ಸಂಬಂಧ್ರೀ?' ಅಂತ ನೀವು ಕೇಳಬಹುದು. ಸಂಬಂಧ ಇದೆ.

ವಿಶ್ವ ವ್ಯಾಪಾರ ಸಂಸ್ಥೆ, ಅಂದ್ರೆ ಡಬ್ಲ್ಯುಟಿಒ, 1995ರಲ್ಲಿ ಶುರುವಾದಾಗ ಭಾರತವೂ ಕೃಷಿ ಒಪ್ಪಂದಕ್ಕೆ ಒಳಪಟ್ಟಿತು. ಅದರ ಪ್ರಕಾರ ನಮ್ಮಂಥ ದೇಶಗಳು ಒಂದು ಬೆಳೆಗೆ ಕೊಡುವ ಬೆಂಬಲ ಆ ಬೆಳೆಯ ಉತ್ಪನ್ನದ ಮೌಲ್ಯದ ಶೇ 10ನ್ನು ಮೀರಬಾರದು. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ದೇಶಗಳು ಭಾರತದ ಮೇಲೆ ದೂರು ಕೊಟ್ಟವು. ನೀವು ಕಬ್ಬಿಗೆ ಬೆಲೆ ಕಟ್ಟುತ್ತೀರಿ, ಸಕ್ಕರೆ ರಫ್ತಿಗೆ ಸಹಾಯಧನ ಕೊಡುತ್ತೀರಿ, ಇದರಿಂದ ನಮ್ಮ ರೈತರಿಗೆ ಹೊಡೆತ ಅನ್ನೋದು ಅವರ ವಾದ. 2021ರ ಡಿಸೆಂಬರ್‌ನಲ್ಲಿ ವಿಚಾರಣಾ ಸಮಿತಿ ಅವರ ಪರ ನಿಂತಿತು. 2014-15ರಿಂದ 2018-19ರವರೆಗೆ ಐದೂ ಹಂಗಾಮುಗಳಲ್ಲಿ ಭಾರತ ಮಿತಿ ಮೀರಿದೆ, ರಫ್ತು ಸಹಾಯಧನವೂ ನಿಯಮಬಾಹಿರ ಅಂತ ಹೇಳಿತು.

ಈ ತೀರ್ಪಿನ ಒಂದು ಭಾಗ ಕಬ್ಬು ಬೆಳೆಯುವವರಿಗೆ ಕೇಳಿದರೆ ನಗು ಬರುತ್ತೆ. ಭಾರತ ಹೇಳಿದ್ದು ಇಷ್ಟು: 'ಸರ್ಕಾರ ಒಂದು ಕೋಲು ಕಬ್ಬನ್ನೂ ಖರೀದಿ ಮಾಡಲ್ಲ, ದುಡ್ಡು ಕೊಡೋದು ಕಾರ್ಖಾನೆ, ಹಾಗಿದ್ದಾಗ ಇದು ಸರ್ಕಾರದ ಸಹಾಯಧನ ಹೇಗಾಗುತ್ತೆ?' ಸಮಿತಿ ಒಪ್ಪಲಿಲ್ಲ. ಬೆಲೆ ಕಟ್ಟಿದ್ದು ಸರ್ಕಾರ ತಾನೇ, ಅಷ್ಟು ಸಾಕು ಅಂದಿತು. ಅಂದ್ರೆ ಕಾರ್ಖಾನೆ ಬಿಲ್ ಬಾಕಿ ಉಳಿಸಿಕೊಂಡು ರೈತ ಅಲೆದಾಡುತ್ತಿದ್ದರೂ ಜಿನೀವಾದ ಲೆಕ್ಕದಲ್ಲಿ ಆತನಿಗೆ 'ಬೆಂಬಲ' ಸಿಕ್ಕಾಗಿದೆ! ಇನ್ನು ಆ ಒಪ್ಪಂದದ ಸೂತ್ರ ನೋಡಿ. ಸರ್ಕಾರ ಕಟ್ಟಿದ ಇವತ್ತಿನ ಬೆಲೆಯನ್ನು ಹೋಲಿಸೋದು 1986-88ರ ಹೊರಗಿನ ಬೆಲೆ ಜೊತೆ. 2018-19ರಲ್ಲಿ ಕ್ವಿಂಟಲ್‌ಗೆ 275 ರೂಪಾಯಿ ಇದ್ದ ಎಫ್‌ಆರ್‌ಪಿ 2025-26ಕ್ಕೆ 355 ಆಗಿದೆ. ಡೀಸೆಲ್, ಗೊಬ್ಬರ, ಕೂಲಿ ಎಲ್ಲ ಏರಿದ್ದಕ್ಕೆ ಅದು ಏರಿತು. ಸೂತ್ರದ ಪ್ರಕಾರ ಮಾತ್ರ ನಮ್ಮ 'ತಪ್ಪು' ಪ್ರತಿ ಏರಿಕೆಗೂ ದೊಡ್ಡದಾಗುತ್ತಾ ಹೋಗುತ್ತೆ.

ಅಕ್ಕಿ, ಗೋಧಿಯಂಥ ಆಹಾರಧಾನ್ಯದ ಸರ್ಕಾರಿ ದಾಸ್ತಾನಿಗೆ 2013ರ ಬಾಲಿ ಸಭೆಯಲ್ಲಿ ತಾತ್ಕಾಲಿಕ ರಕ್ಷಣೆ ಸಿಕ್ಕಿತ್ತು. ಕಬ್ಬಿಗೆ ಆ ಆಸರೆಯೂ ಇಲ್ಲ.

ತೀರ್ಪು ಬಂದ ಮೇಲೆ ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಬಾಕಿ ಇರುವಷ್ಟು ದಿನ ತೀರ್ಪು ಅಂಗೀಕಾರ ಆಗಲ್ಲ, ಜಾರಿಯೂ ಆಗಲ್ಲ. ಡಬ್ಲ್ಯುಟಿಒದ ಮೇಲ್ಮನವಿ ಪೀಠದಲ್ಲಿ ಏಳು ಜನ ಇರಬೇಕು, ಒಂದು ಪ್ರಕರಣ ಕೇಳೋಕೆ ಕನಿಷ್ಠ ಮೂವರು ಬೇಕು. 2019ರ ಡಿಸೆಂಬರ್‌ನಲ್ಲಿ ಉಳಿದದ್ದು ಒಬ್ಬರೇ. 2020ರ ನವೆಂಬರ್‌ಗೆ ಅವರ ಅವಧಿಯೂ ಮುಗೀತು. ಖಾಲಿ ಜಾಗ ತುಂಬಲು ಎಲ್ಲ ಸದಸ್ಯರ ಒಪ್ಪಿಗೆ ಬೇಕು, ಅಮೆರಿಕ ಬೇಡ ಅನ್ನುತ್ತೆ. ಪೀಠ ತನ್ನ ಅಧಿಕಾರ ಮೀರಿ ಹೊಸ ಕಾನೂನು ಬರೆಯುತ್ತಿದೆ, 90 ದಿನದ ಗಡುವು ಪಾಲಿಸಲ್ಲ ಅನ್ನೋದು ಅದರ ತಕರಾರು. ಈ ತಕರಾರು ಟ್ರಂಪ್ ಒಬ್ಬರದ್ದಲ್ಲ. ಒಬಾಮಾ ಕಾಲದಲ್ಲಿ ಒಬ್ಬ ಸದಸ್ಯರ ಮರುನೇಮಕ ತಡೆಯುವ ಮೂಲಕ ಶುರುವಾಗಿ ಬೈಡನ್ ಕಾಲದಲ್ಲೂ ಮುಂದುವರಿಯಿತು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಬ್ಬ ಸದಸ್ಯ ಕೈ ಅಡ್ಡ ಮಾಡಿದರೆ ಇಡೀ ಊರಿಗೆ ನಲ್ಲಿ ನೀರು ಬರಲ್ಲ ಅನ್ನೋ ನಿಯಮ ಇದ್ದರೆ ಹೇಗಿರುತ್ತೆ ಯೋಚಿಸಿ. 166 ಸದಸ್ಯರ ಸಂಸ್ಥೆಯ ಕಥೆ ಇದೇ. 2024ರೊಳಗೆ ಸರಿಮಾಡುತ್ತೇವೆ ಅಂತ 2022ರಲ್ಲಿ ಸಚಿವರೆಲ್ಲ ಕೂತು ಮಾತು ಕೊಟ್ಟರು. 2024 ಬಂತು, ಹೋಯ್ತು.

ಹಾಗಾದ್ರೆ ನಮಗೆ ಒಳ್ಳೇದೇ ಆಯ್ತಲ್ಲ, ಕೋರ್ಟ್ ಮುಚ್ಚಿದ್ದಕ್ಕೆ ಕಬ್ಬಿನ ಬೆಲೆ ಉಳೀತಲ್ಲ ಅಂತ ಅನ್ನಿಸೋದು ಸಹಜ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ 2025ರಲ್ಲಿ ನಾವೇ ದೂರು ಹೊತ್ತು ನಿಲ್ಲಬೇಕಾದ ಸರದಿ ಬಂತು. ಅಮೆರಿಕ ವಾಹನ ಬಿಡಿಭಾಗಗಳ ಮೇಲೆ ಶೇ 25, ಉಕ್ಕು-ಅಲ್ಯೂಮಿನಿಯಂ ಮೇಲೆ ಶೇ 50 ಸುಂಕ ಹಾಕಿತು. ಆಗಸ್ಟ್ ಕೊನೆಗೆ ಭಾರತದ ಬಹುಪಾಲು ಇತರ ಸರಕಿನ ಮೇಲೂ ಅದು ಶೇ 50 ಮುಟ್ಟಿತು. ಅದರಲ್ಲಿ ಅರ್ಧ ನಾವು ರಷ್ಯಾದ ತೈಲ ಕೊಂಡಿದ್ದಕ್ಕೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಬಿಡಿಭಾಗದ ಸುಂಕ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರತಿಸುಂಕ ಹಾಕುವ ಹಕ್ಕು ನಮಗಿದೆ ಅಂತ ಭಾರತ ಡಬ್ಲ್ಯುಟಿಒಗೆ ನೋಟಿಸ್ ಕೊಟ್ಟಿತು. ಇದು ನಮ್ಮ ರಾಷ್ಟ್ರೀಯ ಭದ್ರತೆಯ ವಿಷಯ, ನಿಮ್ಮ ನಿಯಮ ಇದಕ್ಕೆ ಅನ್ವಯಿಸಲ್ಲ ಅಂತ ಅಮೆರಿಕ ಉತ್ತರ ಕೊಟ್ಟಿತು. ಅಲ್ಲಿಗೆ ಮುಗೀತು.

ಇನ್ನೊಂದು ತಮಾಷೆ. ನಮ್ಮ ಮೇಲೆ ದೂರು ಕೊಟ್ಟಿದ್ದ ಬ್ರೆಜಿಲ್‌ಗೂ ಅದೇ ಆಗಸ್ಟ್‌ನಲ್ಲಿ ಶೇ 50 ಬಿತ್ತು. ಅದೂ ಡಬ್ಲ್ಯುಟಿಒ ಬಾಗಿಲು ತಟ್ಟಿತು. ಅಲ್ಲಿ ಬ್ರೆಜಿಲ್ ಗೆದ್ದರೂ ಅಮೆರಿಕ ಏನು ಮಾಡಬಹುದು? ಸಕ್ಕರೆ ವಿಷಯದಲ್ಲಿ ನಾವು ಮಾಡಿದ್ದನ್ನೇ. ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿ ಕೂರಬಹುದು.

ಯುರೋಪಿಯನ್ ಒಕ್ಕೂಟ, ಚೀನಾ, ಬ್ರೆಜಿಲ್ ಮೊದಲಾದವು 2020ರಿಂದ ತಮ್ಮ ತಮ್ಮಲ್ಲೇ ಒಂದು ಬದಲಿ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡಿವೆ. ಭಾರತ ಅದಕ್ಕೆ ಸೇರಿಲ್ಲ. ಹಳೇ ಪೀಠವನ್ನೇ ಮತ್ತೆ ತುಂಬಿ ಅನ್ನೋದು ದೆಹಲಿಯ ನಿಲುವು. ತತ್ವವಾಗಿ ಅದು ಸರಿ. ಆದರೆ ಪೀಠ ನಾಳೆಯೇ ತುಂಬಿದರೆ ಅದರ ಮುಂದೆ ಬರುವ ಫೈಲುಗಳಲ್ಲಿ ನಮ್ಮ ಕಬ್ಬಿನದೂ ಒಂದು ಅನ್ನೋದು ದೆಹಲಿಗೆ ಗೊತ್ತು. ಹಾಗಾಗಿ ಬಾಯಲ್ಲಿ ಬೇಕು ಅಂದರೂ ಒಳಗೆ ಅವಸರ ಇದ್ದಂತೆ ಕಾಣಲ್ಲ. ಈ ಸಮಯದಲ್ಲಿ 1986-88ರ ಸೂತ್ರ ಬದಲಿಸಲು ಬ್ರೆಜಿಲ್‌ನಂಥವರನ್ನೇ ಒಲಿಸಿಕೊಳ್ಳಬಹುದಿತ್ತು, ಇಬ್ಬರಿಗೂ ಒಂದೇ ಕಡೆಯಿಂದ ಏಟು ಬಿದ್ದಿರುವಾಗ. ಅಂಥ ಪ್ರಯತ್ನ ಸಾಕಷ್ಟು ನಡೆದಿಲ್ಲ ಅನ್ನೋದು ನನ್ನ ದೂರು.

ಸದ್ಯಕ್ಕೆ ರಫ್ತಿಗೆ ಕೇಂದ್ರವೇ ಕಡಿವಾಣ ಹಾಕಿರುವುದರಿಂದ ದೂರುದಾರರ ಸಿಟ್ಟು ತಣ್ಣಗಿರಬಹುದು. 2021-22ರಲ್ಲಿ ಸುಮಾರು 110 ಲಕ್ಷ ಟನ್ ಸಕ್ಕರೆ ಹೊರಗೆ ಹೋಗಿತ್ತು, 2025-26ಕ್ಕೆ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿದ್ದು 15 ಲಕ್ಷ ಟನ್‌ಗೆ. ರಫ್ತು ಹೆಚ್ಚಿಸಿ, ಆಗ ನಾವೂ ಜಾಸ್ತಿ ಬೆಲೆ ಕೊಡ್ತೀವಿ ಅಂತ ಕಾರ್ಖಾನೆಯವರು ಪ್ರತಿ ಹಂಗಾಮಿಗೂ ಕೇಳ್ತಾರೆ. ಕೇಂದ್ರ ಅದಕ್ಕೆ ಹೂಂ ಅಂದ ದಿನ ಆ ಹಳೇ ಫೈಲನ್ನು ಮೊದಲು ನೆನಪಿಸಿಕೊಳ್ಳೋದು ಬ್ರೆಜಿಲ್‌ನವರೇ.