ಹುಡುಕುವುದು ಬೇರೆ, ಹುಟ್ಟಿಸುವುದು ಬೇರೆ

ಮುಂಬೈನಲ್ಲಿ ಬಹುತೇಕ ಅರ್ಜಿಗಳಿಗೆ ಮೂರು ಖಾನೆ: ನಿಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮರಾಠಿಗರಿಗೆ ಅದು ಸಹಜ. ಊರು, ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಬಂದ ನಮ್ಮಲ್ಲಿ ಹಲವರಿಗೆ ಮೂರನೆಯ ಖಾನೆಯೇ ತಲೆನೋವು. ಒಂದು ಕಡೆ ‘ಎಚ್.ಎಸ್. ಮಂಜುನಾಥ’, ಇನ್ನೊಂದು ಕಡೆ ‘ಮಂಜುನಾಥ ಶಿವಣ್ಣ’, ಮತ್ತೊಂದು ಕಡೆ ‘ಮಂಜುನಾಥ್ ಹಾಸನ’. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು.

ಈ ಮೂವರು ಹುಟ್ಟುವುದು ನಾವು ಸಾಫ್ಟ್‌ವೇರ್‌ನವರು ಬರೆಯುವ ಒಂದೇ ಸಾಲಿನಿಂದ: ‘ಡೇಟಾಬೇಸಿನಲ್ಲಿ ಹುಡುಕು, ಸಿಗದಿದ್ದರೆ ಹೊಸದನ್ನು ಸೃಷ್ಟಿಸು’. ಜಾಂಗೊದಲ್ಲಿ ಇದು ‘ಗೆಟ್ ಆರ್ ಕ್ರಿಯೇಟ್’, ರೇಲ್ಸ್‌ನಲ್ಲಿ ‘ಫೈಂಡ್ ಆರ್ ಕ್ರಿಯೇಟ್ ಬೈ’. ಟ್ಯಾಗಿನಂಥ ಸಣ್ಣ ಮಾಹಿತಿಗೆ ಅನುಕೂಲವೇ. ಗ್ರಾಹಕರ ದಾಖಲೆಗೆ ಮಾತ್ರ ಸಲ್ಲದು ಎಂಬುದು, ಬ್ಯಾಂಕಿಂಗ್ ತಂತ್ರಾಂಶದಲ್ಲೇ ದುಡಿಯುವ ನನ್ನ ಅಭಿಪ್ರಾಯ.

ಹುಡುಕಾಟ ಒಂದು ಪ್ರಶ್ನೆ, ಸೃಷ್ಟಿ ಒಂದು ತೀರ್ಮಾನ. ‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ, ಕಾಗುಣಿತ ಬೇರೆಯಿರಬಹುದು. ಎರಿಕ್ ಇವಾನ್ಸ್ 2003ರ ‘ಡೊಮೇನ್ ಡ್ರಿವನ್ ಡಿಸೈನ್’ ಪುಸ್ತಕದಲ್ಲಿ ಹುಡುಕುವ ಕೆಲಸವನ್ನು ‘ರೆಪಾಸಿಟರಿ’ಗೂ ಹೊಸದನ್ನು ಕಟ್ಟುವುದನ್ನು ‘ಫ್ಯಾಕ್ಟರಿ’ಗೂ ವಹಿಸಿ, ಎರಡನ್ನೂ ಬೆಸೆಯಬೇಡಿ ಎಂದಿದ್ದಾರೆ. ಬೇರೆಯಾಗಿಟ್ಟರೆ ನಡುವೆ ‘ಇವರನ್ನೇ ಹೋಲುವವರು ಇದ್ದಾರೆ, ನೋಡಿ’ ಎಂದು ಕೌಂಟರಿನವರನ್ನು ಎಚ್ಚರಿಸಲು ಜಾಗ ಸಿಗುತ್ತದೆ.

ಅಷ್ಟೇ ಸಾಲದು. ಅಂಧೇರಿ, ಡೊಂಬಿವಿಲಿ ಶಾಖೆಗಳೆರಡೂ ಒಂದೇ ಕ್ಷಣದಲ್ಲಿ ಹುಡುಕಿದರೆ ಇಬ್ಬರಿಗೂ ‘ಇಲ್ಲ’ ಎಂದೇ ಬರುತ್ತದೆ, ಇಬ್ಬರೂ ಸೃಷ್ಟಿಸುತ್ತಾರೆ. ಇದನ್ನು ತಡೆಯುವುದು ಡೇಟಾಬೇಸಿನ ಯೂನಿಕ್ ಇಂಡೆಕ್ಸ್. ಅದೂ ಪ್ಯಾನ್ ಸಂಖ್ಯೆಯಂಥದ್ದರ ಮೇಲೆ ಇರಬೇಕು, ಹೆಸರಿನ ಮೇಲಲ್ಲ.

ಕೇಂದ್ರ ಕೆವೈಸಿ ನೋಂದಣಿಯ ಕ್ರಮವೂ ಹೀಗೆಯೇ. ಬ್ಯಾಂಕು ಮೊದಲು ಹುಡುಕಬೇಕು. ಇದ್ದರೆ ದಾಖಲೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮಾತ್ರ ಪ್ರತ್ಯೇಕ ಹೆಜ್ಜೆಯಾಗಿ ಸೇರಿಸಬೇಕು. ಆಮೇಲೆಯೇ 14 ಅಂಕಿಯ ಗುರುತು ಸಂಖ್ಯೆ.

ಇದರಿಂದ ಕೋಡ್ ಉದ್ದವಾಗುತ್ತದೆ, ಕೌಂಟರಿನಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂಬ ಆಕ್ಷೇಪ ನಿಜ. ಆದರೆ ಎರಡು ಗ್ರಾಹಕ ಸಂಖ್ಯೆಗಳಿದ್ದಾಗ ಒಂದರಲ್ಲಿ ಸಂಬಳ, ಇನ್ನೊಂದರಲ್ಲಿ ಠೇವಣಿ ಕುಳಿತಿರುತ್ತದೆ. ಖಾತೆದಾರ ತೀರಿಕೊಂಡ ದಿನ, ಊರಿನಿಂದ ಬಂದ ಹೆಂಡತಿಗೆ ಆ ಎರಡನೆಯದರ ಸುಳಿವೇ ಸಿಗದೆ ಹೋಗಬಹುದು. ಉಳಿಸಿದ ಹತ್ತು ಸಾಲಿಗೆ ಇದು ದುಬಾರಿ ಬೆಲೆ.

ಹಾಗಾಗಿ ಕೋಡ್ ರಿವ್ಯೂನಲ್ಲಿ ಆ ಒಂದು ಸಾಲು ಕಂಡಾಗ ಕೇಳೋಣ: ‘ಸಿಗದಿದ್ದರೆ’ ಎಂದರೆ, ಯಾವುದನ್ನು ಹಿಡಿದು ಹುಡುಕಿದಾಗ ಸಿಗದಿದ್ದರೆ?