ಕೋಳಿ ಕುಯ್ಯೋ ಮುಂಚೆ ಕೈ ನೋಡ್ಕೊಳ್ಳಿ

ನಮ್ಮ ಮನೆ ಹುಂಜ ಮೊದಲ ಸಲ ಕೂಗಿದ್ದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ. ಎಲ್ ಸೆಗುಂಡೋ ಊರು ಎಂಥದ್ದು ಅಂದ್ರೆ, ಉತ್ತರಕ್ಕೆ ಲಾಸ್ ಏಂಜಲೀಸ್ ವಿಮಾನ ನಿಲ್ದಾಣ, ದಕ್ಷಿಣಕ್ಕೆ ಶೆವ್ರಾನ್ ರಿಫೈನರಿ, ಮಧ್ಯದಲ್ಲಿ ನಾವು. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್‌ನವರು ಕ್ಯಾಲಿಫೋರ್ನಿಯಾದ ತಮ್ಮ ಎರಡನೇ ರಿಫೈನರಿಯನ್ನ ಇಲ್ಲಿ ಕಟ್ಟಿದ್ದಕ್ಕೆ ಊರಿಗೇ ಸ್ಪ್ಯಾನಿಶ್‌ನಲ್ಲಿ 'ಎರಡನೆಯದು' ಅಂತ ಹೆಸರು. ಹಗಲೂ ರಾತ್ರಿ ವಿಮಾನ ಗುಡುಗಿದ್ರೂ ಇಲ್ಲಿ ಯಾರಿಗೂ ಎಚ್ಚರ ಆಗಲ್ಲ. ಒಂದೇ ಒಂದು ಹುಂಜ ಕೂಗಿದ್ರೆ ಸಾಕು, ಇಡೀ ಬೀದಿ ಎದ್ದು ಕೂರುತ್ತೆ!

2025ರ ಶುರುವಿನಲ್ಲಿ ಹಕ್ಕಿಜ್ವರದ ದೆಸೆಯಿಂದ ಇಲ್ಲಿ ಮೊಟ್ಟೆ ರೇಟು ಆಕಾಶಕ್ಕೆ ಹೋಗಿತ್ತಲ್ಲ, ಆಗ ನನ್ನ ತಲೆಗೆ ಹೊಕ್ಕ ಹುಳ ಇದು. ಮೂರು ಮರಿ ತಂದೆ. ಅಂಗಡಿಯವನು ಮೂರೂ ಹೆಣ್ಣೇ ಅಂದಿದ್ದ. ಮರಿ ನೋಡಿ ಗಂಡು ಹೆಣ್ಣು ಹೇಳೋದರಲ್ಲಿ ಪಳಗಿದವರೂ ತಪ್ಪುತ್ತಾರೆ ಅನ್ನೋದು ಆಮೇಲೆ ಗೊತ್ತಾಯ್ತು. ಎರಡು ಹೇಂಟೆ ಆದವು, ಒಂದು ಹುಂಜ ಆಯ್ತು. ಪಕ್ಕದ ಮನೆ ಅಜ್ಜ ಪಾಪ ಬಹಳ ಸಂಕೋಚದಿಂದ ಬಂದು, "ನಿಮ್ಮ ಕೋಳಿ ಚೆನ್ನಾಗಿದೆ, ಆದ್ರೆ ನನಗೆ ನಿದ್ದೆ ಬೇಕು" ಅಂದರು. ನ್ಯಾಯವೇ ಅಲ್ವಾ? ಲಾಸ್ ಏಂಜಲೀಸ್ ನಗರದಲ್ಲಂತೂ 2009ರಿಂದ ಸಾಮಾನ್ಯವಾಗಿ ಒಂದು ಜಾಗಕ್ಕೆ ಒಂದೇ ಹುಂಜ ಅನ್ನೋ ಕಾನೂನಿದೆ. ಸ್ಯಾನ್ ಡಿಯಾಗೋ 2012ರಲ್ಲಿ ಹಿತ್ತಲಲ್ಲಿ ಐದು ಹೇಂಟೆವರೆಗೂ ಸಾಕಬಹುದು ಅಂತ ಸಡಿಲಿಸಿತು, ಹುಂಜಕ್ಕೆ ಮಾತ್ರ ಜಾಗ ಕೊಡಲಿಲ್ಲ. ಹೀಗಾಗಿ ಹುಂಜನ್ನ ಸುಮ್ಮನೆ ಕೊಡ್ತೀನಿ ಅಂದ್ರೂ ತಗೊಳ್ಳೋರು ಸಿಗೋದಿಲ್ಲ. ನಾನು ಎರಡು ವಾರ ಕೇಳಿ ನೋಡಿದೆ, ಯಾರೂ ಸಿಗಲಿಲ್ಲ.

ನಾನು ಕೋಳಿ ತಿನ್ನೋನು. ಮಂಡ್ಯ ಕಡೆಯವನು, ನಾಟಿ ಕೋಳಿ ಸಾರು ಮುದ್ದೆ ಅಂದ್ರೆ ಪ್ರಾಣ. ಅಂಗಡಿಯ ಪ್ಯಾಕೆಟ್ ಕೋಳಿ ತಿನ್ನುವಾಗ ಬರದ ಪ್ರಶ್ನೆ ಈ ಹುಂಜಕ್ಕೆ ಮಾತ್ರ ಬಂದ್ರೆ ಅದು ನಾಟಕ ಅನ್ನಿಸ್ತು. ಹಾಗಾಗಿ ಕುಯ್ಯೋದು ಅಂತ ನಿರ್ಧಾರ ಮಾಡಿದೆ. ಉಳಿದದ್ದು ಒಂದೇ, ಹೇಗೆ?

ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ, ಎಕ್ಸೆಲ್ ಶೀಟ್ ತೆಗೆದೆ. ಒಂದೊಂದು ಸಾಲಿಗೂ ಒಂದೊಂದು ವಿಧಾನ. ಎಲ್ಲಾ ಸರಿಯಾಗಿ ನಡೆದ್ರೆ ಎಷ್ಟು ಬೇಗ ಪ್ರಜ್ಞೆ ಹೋಗುತ್ತೆ ಅನ್ನೋದು ಒಂದು ಕಾಲಂ. ಆದ್ರೆ ಕೆಲಸಕ್ಕೆ ಬಂದ ಕಾಲಂ ಇನ್ನೊಂದು: ನನ್ನಂಥ ಹೊಸಬ ಎಡವಿದ್ರೆ ಏನಾಗುತ್ತೆ?

ಮಚ್ಚಿನಿಂದ ಒಂದೇ ಏಟಿಗೆ ಕಡಿಯೋದು ನೋಡೋಕೆ ಎಲ್ಲಕ್ಕಿಂತ ಬೇಗ. ಎಡವಿದ್ರೆ? 1945ರಲ್ಲಿ ಕೊಲೊರಾಡೋದ ಫ್ರೂಟಾ ಅನ್ನೋ ಊರಲ್ಲಿ ಒಬ್ಬ ರೈತ ಹುಂಜದ ತಲೆ ಕಡಿದ. ಏಟು ಸ್ವಲ್ಪ ಮೇಲೆ ಬಿದ್ದು ಮಿದುಳಿನ ಬುಡ ಉಳಿದುಬಿಡ್ತು. ಆ ಹುಂಜ ತಲೆಯಿಲ್ಲದೆ 18 ತಿಂಗಳು ಬದುಕಿತು! ಮೈಕ್ ಅಂತ ಹೆಸರಿಟ್ಟು, ಗಂಟಲಿಗೆ ಹನಿ ಹನಿ ಆಹಾರ ಬಿಟ್ಟು, ಊರೂರು ಮೆರವಣಿಗೆ ಮಾಡಿಸಿ ದುಡ್ಡು ಮಾಡಿದ್ರು. ಜನ ಇದನ್ನ ತಮಾಷೆ ಕಥೆ ಥರ ಹೇಳ್ತಾರೆ. ನನಗೆ ಮೈ ಜುಂ ಅಂತು.

ಕತ್ತು ಮುರಿಯೋದು ಇನ್ನೊಂದು ದಾರಿ. ಪಳಗಿದ ಕೈಗೆ ಒಂದು ಕ್ಷಣದ ಕೆಲಸ. ಆದ್ರೆ ಯೂರೋಪಿಯನ್ ಒಕ್ಕೂಟದ 2009ರ ನಿಯಮದಲ್ಲಿ ಬರೀ ಕೈಯಲ್ಲಿ ಹೀಗೆ ಕೊಲ್ಲೋದಕ್ಕೆ 3 ಕೆಜಿ ಮಿತಿ ಇದೆ, ಒಬ್ಬ ದಿನಕ್ಕೆ 70ಕ್ಕಿಂತ ಹೆಚ್ಚು ಹಕ್ಕಿಗೆ ಹೀಗೆ ಮಾಡೋ ಹಾಗಿಲ್ಲ. ಯಾಕೆ? ದೊಡ್ಡ ಹಕ್ಕಿಯ ಕತ್ತು ಗಟ್ಟಿ, ಕೈಯೂ ಸೋಲುತ್ತೆ. ನನ್ನ ಹುಂಜ ತಕ್ಕಡಿಯಲ್ಲಿ ಮೂರೂಕಾಲು ಕೆಜಿ ಬಂತು. ಆ ಸಾಲು ಅಳಿಸಿದೆ.

ಕಾರ್ಬನ್ ಡೈಆಕ್ಸೈಡ್ ಕಾರ್ಖಾನೆಯವರಿಗೆ ಸರಿ, ಅವರು ಹಂತ ಹಂತವಾಗಿ ಅನಿಲ ಬಿಡ್ತಾರೆ. ಮನೆಯಲ್ಲಿ ಡಬ್ಬದೊಳಗೆ ಒಮ್ಮೆಗೇ ತುಂಬಿದ್ರೆ ಹಕ್ಕಿ ಉಸಿರುಕಟ್ಟಿ ಒದ್ದಾಡುತ್ತೆ. ಅದೂ ಬೇಡ.

ಕೊನೆಗೆ ಉಳಿದದ್ದು ತಗಡಿನ ಆಲಿಕೆ. ಹಕ್ಕಿಯನ್ನ ತಲೆಕೆಳಗಾಗಿ ಅದರೊಳಗೆ ಇಳಿಸಿದ್ರೆ ರೆಕ್ಕೆ ಮೈಗೆ ಒತ್ತಿಕೊಂಡಿರುತ್ತೆ, ತಲೆ ಮಾತ್ರ ಕೆಳಗೆ ಬರುತ್ತೆ. ಹರಿತವಾದ ಚಾಕುವಿನಿಂದ ದವಡೆ ಕೆಳಗೆ ಎರಡೂ ಕಡೆಯ ರಕ್ತನಾಳ ಕುಯ್ಯಬೇಕು. ಇದೂ ಪರಿಪೂರ್ಣ ಅಲ್ಲ. ಪ್ರಜ್ಞೆ ತಕ್ಷಣ ಹೋಗಲ್ಲ, ಕೆಲವು ಸೆಕೆಂಡು ಹಿಡಿಯುತ್ತೆ, ಒಂದೇ ಕಡೆ ಕುಯ್ದರೆ ಇನ್ನೂ ತಡ. ಮೊದಲು ಕರೆಂಟಿನಿಂದ ಪ್ರಜ್ಞೆ ತಪ್ಪಿಸಿದ್ರೆ ಇನ್ನೂ ಒಳ್ಳೇದು, ಆದ್ರೆ ಅದಕ್ಕೆ ತಕ್ಕ ಸಲಕರಣೆ ಬೇಕು. ಆಲಿಕೆಯಲ್ಲಿ ತಪ್ಪು ಮಾಡಿದ್ರೆ ಮುಂದಿನ ಕ್ಷಣದಲ್ಲೇ ಸರಿ ಮಾಡಬಹುದು, ಹಕ್ಕಿ ಕೈ ಜಾರಿ ಓಡಲ್ಲ. ಹೊಸಬನಿಗೆ ಇದೇ ಸರಿ ಅಂತ ಶೀಟು ಹೇಳ್ತು.

ಇಷ್ಟೆಲ್ಲಾ ಲೆಕ್ಕ ಹಾಕಿ ಊರಿಗೆ ಫೋನ್ ಮಾಡಿದೆ. ನಾನು ಸಣ್ಣವನಿದ್ದಾಗ ನಮ್ಮ ಮನೇಲಿ ಕೋಳಿ ಹಿಡೀತಿದ್ದದ್ದು ಅಜ್ಜಿ. ಹಬ್ಬದ ಹಿಂದಿನ ರಾತ್ರಿ ಕತ್ತಲಲ್ಲಿ, ಗೂಡಿನಿಂದ ಸದ್ದಿಲ್ಲದೆ ಎತ್ತಿ ಮಂಕರಿ ಕೆಳಗೆ ಹಾಕಿ ಗೋಣಿಚೀಲ ಹೊದಿಸ್ತಿದ್ದರು. ನಾವು ಹುಡುಗರು ಹಗಲು ಹೊತ್ತು ಕೋಳಿ ಅಟ್ಟಾಡಿಸಿದ್ರೆ ಬೈಗುಳ ಬೀಳ್ತಿತ್ತು. ಅಜ್ಜಿ ನನ್ನ ಶೀಟಿನ ವಿಷಯ ಎಲ್ಲಾ ಕೇಳಿ ಕೊನೆಗೆ ಅಂದಿದ್ದು ಇಷ್ಟು: "ಚಾಕು ಮಸ್ದಿದ್ದೀಯೇನ್ಲಾ? ಅದ್ನ ಹೆದ್ರಿಸ್ಬ್ಯಾಡ ಕನ್ ಮಗ. ಕೈ ನಡುಗೋ ಹಂಗಿದ್ರೆ ಮುಟ್ಟೇ ಮುಟ್ಬ್ಯಾಡ."

ಕತ್ತಲಲ್ಲಿ ಕೋಳಿ ಶಾಂತವಾಗಿರುತ್ತೆ, ಹಿಡಿಯೋದು ಸುಲಭ, ಗಾಬರಿ ಕಮ್ಮಿ ಅಂತ ಇಲ್ಲಿನ ಕೃಷಿ ಇಲಾಖೆಗಳ ಕೈಪಿಡಿಗಳೂ ಹೇಳ್ತವೆ. ಓದೋಕೆ ಬಾರದ ಅಜ್ಜಿಗೆ ಗೊತ್ತಿದ್ದದ್ದು ಅದೇ. ಹಾಗಂತ ನಮ್ಮ ಊರಿನದೆಲ್ಲಾ ಸರಿ ಅಂತೇನೂ ನಾನು ಹೇಳ್ತಿಲ್ಲ. ಸಂತೆಯಿಂದ ಕೋಳಿಗಳ ಕಾಲು ಕಟ್ಟಿ ಸೈಕಲ್ ಹ್ಯಾಂಡಲ್‌ಗೆ ತಲೆಕೆಳಗಾಗಿ ನೇತುಹಾಕಿ ಮೈಲಿಗಟ್ಟಲೆ ತರೋದನ್ನ ನೋಡಿಲ್ವಾ? ಹಕ್ಕಿಗಳಿಗೆ ನಮ್ಮ ಹಾಗೆ ವಪೆ ಇಲ್ಲ, ತಲೆಕೆಳಗಾದ್ರೆ ಹೊಟ್ಟೆಯ ಅಂಗಗಳೆಲ್ಲಾ ಉಸಿರಾಟದ ಚೀಲಗಳ ಮೇಲೆ ಭಾರ ಬಿಡ್ತವೆ. ಆಲಿಕೆಯಲ್ಲೂ ಅದಕ್ಕೇ ಹೆಚ್ಚು ಹೊತ್ತು ಬಿಡಬಾರದು. ಇನ್ನು ದೇವರ ಮುಂದೆ ತೀರ್ಥ ಚಿಮುಕಿಸಿ, ಅದು ಮೈ ಒದರಿದ ಮೇಲೆ 'ಒಪ್ಕೊಳ್ತು' ಅಂತ ಕಡಿಯೋದು... ಆ ಒಪ್ಪಿಗೆ ನಮ್ಮ ಸಮಾಧಾನಕ್ಕೆ ಬಿಟ್ರೆ ಕೋಳಿಗೆ ಏನು ಸಂಬಂಧ? ಮೈ ಮೇಲೆ ತಣ್ಣೀರು ಬಿದ್ರೆ ಯಾರಾದ್ರೂ ಒದರ್ತಾರೆ.

2022ರ ಯುಗಾದಿ ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್, ಜಟ್ಕಾ ಅಂತ ದೊಡ್ಡ ಗಲಾಟೆ ಆಯ್ತು, ನೆನಪಿದೆಯಾ? ಟೀವಿಯಲ್ಲಿ ಗಂಟೆಗಟ್ಟಲೆ ಚರ್ಚೆ. ಆ ಚರ್ಚೆ ಎಲ್ಲಾ ಕೋಳಿಯ ಕೊನೆಯ ಅರ್ಧ ನಿಮಿಷದ ಬಗ್ಗೆ, ಅದೂ ಯಾರ ಕೈ ಅನ್ನೋದರ ಬಗ್ಗೆ. ಅದಕ್ಕಿಂತ ಹಿಂದಿನ ದಿನ ಅದು ಎಲ್ಲಿತ್ತು, ಪಂಜರದಲ್ಲಿ ಎಷ್ಟು ಇಕ್ಕಟ್ಟಿತ್ತು, ಚಾಕು ಮೊಂಡೋ ಹರಿತವೋ ಅಂತ ಯಾರೂ ಕೇಳಲಿಲ್ಲ. ಅಮೆರಿಕದವರೂ ಏನು ಕಮ್ಮಿ ಇಲ್ಲ. ಇಲ್ಲಿ ದಯೆಯಿಂದ ಕೊಲ್ಲಬೇಕು ಅಂತ 1958ರಲ್ಲೇ ಕಾನೂನು ಬಂತು, ದನ, ಹಂದಿ, ಕುರಿಗೆಲ್ಲಾ ಅನ್ವಯ. ವರ್ಷಕ್ಕೆ 900 ಕೋಟಿಗೂ ಹೆಚ್ಚು ಕೊಲ್ಲೋ ಕೋಳಿಗೆ ಮಾತ್ರ ಆ ಕೇಂದ್ರ ಕಾನೂನನ್ನ ಅನ್ವಯಿಸ್ತಿಲ್ಲ!

ನನ್ನ ಅಭಿಪ್ರಾಯ ಇಷ್ಟೇ. ಬರೀ ಮರುಕ ಪಟ್ಟರೆ ಹಕ್ಕಿಗೆ ಏನೂ ಸಿಗಲ್ಲ. ಅದಕ್ಕೆ ಬೇಕಾಗಿರೋದು ಕತ್ತಲು, ಮೌನ, ಹರಿತವಾದ ಚಾಕು, ನಡುಗದ ಕೈ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ರೂ 'ನನ್ನ ಕೋಳಿ ನಾನೇ ಕುಯ್ಯಬೇಕು' ಅನ್ನೋ ಆದರ್ಶ ಬಿಟ್ಟು ಪಳಗಿದವರ ಹತ್ತಿರ ಹೋಗಿ. ನಿಮ್ಮ ಪಾಠಕ್ಕೆ ಹಕ್ಕಿ ಯಾಕೆ ನೋವು ತಿನ್ನಬೇಕು?

ನಾನೂ ಹಾಗೇ ಮಾಡಿದೆ. ಸ್ಯಾನ್ ಡಿಯಾಗೋ ನಗರದಾಚೆ, ಹಳ್ಳಿ ಕಡೆ ಇರೋ ಹಾಸನದ ಗೆಳೆಯನಿಗೆ ಈ ಕೆಲಸದಲ್ಲಿ ಕೈ ಪಳಗಿದೆ, ಆಲಿಕೆಯೂ ಇದೆ. ಮನೆ ಮಟ್ಟಿಗೆ ಸಾಕಿದ್ದನ್ನ ಮನೆಯವರೇ ತಿನ್ನೋಕೆ ಕುಯ್ಯೋದಾದ್ರೆ ಕೇಂದ್ರ ಸರ್ಕಾರದ ತಪಾಸಣೆ ಬೇಕಿಲ್ಲ, ಆದ್ರೆ ಊರೂರಿಗೆ ನಿಯಮ ಬೇರೆ, ನಿಮ್ಮಲ್ಲಿ ಕೇಳಿಕೊಳ್ಳಿ. ಸಂಜೆ ಕಾಳು ನಿಲ್ಲಿಸಿ ನೀರು ಮಾತ್ರ ಇಟ್ಟೆ. ಕತ್ತಲಾದ ಮೇಲೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹುಂಜ ಇಟ್ಟುಕೊಂಡು ಎರಡು ಗಂಟೆ ದಾರಿ ಹೋದೆ. ಅದು ದಾರಿಯುದ್ದಕ್ಕೂ ನಿದ್ದೆ ಮಾಡ್ತು. ಹಕ್ಕಿಜ್ವರದ ಕಾಲ ಅಂತ ಗೆಳೆಯನ ಕೋಳಿಗಳ ಹತ್ತಿರಕ್ಕೂ ಬಿಡಲಿಲ್ಲ.

ಬೆಳಕು ಹರಿಯೋ ಮುಂಚೆ ಎತ್ತಿಕೊಂಡೆ. ಬೆಚ್ಚಗಿತ್ತು, ಸುಮ್ಮನಿತ್ತು. ನನ್ನ ಕೈ ನೋಡಿಕೊಂಡೆ, ನಡುಗ್ತಿತ್ತು. ಚಾಕು ಗೆಳೆಯನಿಗೆ ಕೊಟ್ಟೆ. ನಾನು ಹುಂಜದ ಎದೆ ಮೇಲೆ ಅಂಗೈ ಇಟ್ಟುಕೊಂಡು ನಿಂತೆ. ಎರಡು ಕೊಯ್ತ, ಎರಡೇ. ಆಮೇಲೆ ಕಾಲು ಒದ್ದುಕೊಂಡದ್ದು ಬರೀ ನರಗಳ ಆಟ ಅಂತ ಗೊತ್ತಿದ್ರೂ ನಾನು ಕೈ ತೆಗೆಯಲಿಲ್ಲ.

ಸಾರು ಮಾಡಿದ್ವಿ, ಮುದ್ದೆ ಕಟ್ಟಿದ್ವಿ, ಇಬ್ಬರೂ ಮಾತಾಡದೆ ಉಂಡ್ವಿ. ರುಚಿ ಇತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆ ಅಜ್ಜ ಈಗ ಚೆನ್ನಾಗಿ ನಿದ್ದೆ ಮಾಡ್ತಾರಂತೆ. ನನಗೆ ಮಾತ್ರ ನಾಲ್ಕೂಮುಕ್ಕಾಲಿಗೆ ಎಚ್ಚರ ಆಗುತ್ತೆ.